ಕ್ಯಾಪ್ಟನ್ ಮಾವನ ಕೊನೆಯ ಆಸೆ

ಎರಡು ಮಾತಾಡಿ ಎಂದಾಗ ಎರಡೇ ಮಾತಾಡಿ ಕೂತಿದ್ದರೆ ಅಳಿಯನಿಗೆ ಆ ಭಾನುವಾರ ಅಷ್ಟು ಫಜೀತಿ ಆಗುತ್ತಿರಲಿಲ್ಲ. ಅವನು ಮೂರನೆಯದನ್ನೂ ಆಡಿದ.

ಕ್ಯಾಪ್ಟನ್ ತೀರಿಕೊಂಡು ತಿಂಗಳಾಗಿತ್ತು. ಬಡಾವಣೆಯ ಸಂಘದವರು ಪಾರ್ಕಿನ ಪಕ್ಕದ ತಮ್ಮ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ಮೇಜಿನ ಮೇಲೆ ಅವರದೊಂದು ದೊಡ್ಡ ಫೋಟೊ ಇಟ್ಟು, ನೆನಪಿನ ಸಭೆ ಕರೆದಿದ್ದರು. ಊರಿನಲ್ಲಿ ಕ್ರಿಕೆಟ್ ಟೀಮಿಗೆ, ಹಡಗಿಗೆ ಎಷ್ಟೋ ಕ್ಯಾಪ್ಟನ್ನರು ಇರಬಹುದು. ಆ ಬಡಾವಣೆಗೆ ಕ್ಯಾಪ್ಟನ್ ಎಂದರೆ ಒಬ್ಬರೇ. ಹರೆಯವನ್ನೆಲ್ಲ ವಾಯುಪಡೆಯಲ್ಲಿ ಸಾಮಾನು ಸಾಗಿಸುವ ದೊಡ್ಡ ವಿಮಾನ ಹಾರಿಸಿ, ಆಮೇಲೆ ಜನರನ್ನು ಹೊತ್ತೊಯ್ಯುವ ವಿಮಾನ ಹಾರಿಸಿ, ನಿವೃತ್ತರಾದ ಮೇಲೆ ಮನೆಯಂಗಳದ ಗಿಡಗಳಿಗೆ ನೀರು ಹಾರಿಸುತ್ತಿದ್ದವರು. ತರಕಾರಿ ತರಲು ಕಾರು ತೆಗೆಯುವಾಗಲೂ ಅದರ ಸುತ್ತ ಒಂದು ಸುತ್ತು ಬಂದು, ಒಂದೊಂದು ಟೈರನ್ನೂ ಬೂಟಿನಿಂದ ತಟ್ಟಿ, ಕನ್ನಡಿ ಒರೆಸಿ, ಆಮೇಲೇ ಹತ್ತುತ್ತಿದ್ದರು. ಅಷ್ಟು ಹೊತ್ತಿಗೆ ಹೆಂಡತಿ ನಡೆದುಕೊಂಡೇ ಹೋಗಿ ತರಕಾರಿ ತಂದು ಆಗಿರುತ್ತಿತ್ತು.

ಅಳಿಯನಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿ. ಎದುರಿನ ಕುರ್ಚಿಯಲ್ಲಿ ಒಬ್ಬರು ಕೂತು ಗೋಡೆಯ ಮೇಲಿನ ಅಕ್ಷರ ಓದುತ್ತಿದ್ದರೆ ಅವನಿಗೆ ಮಾತು ಸಲೀಸಾಗಿ ಬರುತ್ತದೆ. ಕೋಣೆ ತುಂಬ ಜನ ಕೂತು ಅವನನ್ನೇ ನೋಡುತ್ತಿದ್ದರೆ ನಾಲಿಗೆ ಒಣಗಿದ ಸ್ಪಂಜಿನ ಹಾಗೆ ಆಗುತ್ತದೆ. ಹಾಗೆಂದು ಹೇಳುವುದಕ್ಕೆ ಏನೂ ಇರಲಿಲ್ಲ ಎಂದಲ್ಲ. ಕ್ಯಾಪ್ಟನ್ ಮೊದಲ ಸಲ ಅವನ ಅಂಗಡಿಗೆ ಬಂದದ್ದು ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು, ಕಳ್ಳನ ಹಾಗೆ ಹಿಂದೆ ಮುಂದೆ ನೋಡುತ್ತ. ಪುಸ್ತಕದ ಅಕ್ಷರ ಮಸುಕಾಗುತ್ತಿದೆ, ಇನ್ನು ಹಾರುವ ಕೆಲಸ ಹೋಯಿತು ಎಂದು ಅವರು ಎಷ್ಟೋ ದಿನ ನಿದ್ದೆಗೆಟ್ಟಿದ್ದರು. ಇದು ವಯಸ್ಸಿಗೆ ಬರುವ ಚಾಳೀಸು, ಹತ್ತಿರದ್ದಕ್ಕೆ ಒಂದು ಕನ್ನಡಕ ಸಾಕು, ದೂರ ಹದ್ದಿಗೆ ಕಂಡ ಹಾಗೆ ಕಾಣುತ್ತಿದೆ ಎಂದು ಇವನು ಹೇಳಿದಾಗ ಅಷ್ಟು ಎತ್ತರದ ಮನುಷ್ಯ ಸ್ಟೂಲಿನ ಮೇಲೆ ಕೂತು ಮುಖ ಮುಚ್ಚಿಕೊಂಡಿದ್ದರು. ಆಮೇಲೆ ಕನ್ನಡಕದ ಕಾಲು ಸಡಿಲವಾಯಿತು, ಮೂಗು ಒತ್ತುತ್ತದೆ ಎಂದು ಏನಾದರೊಂದು ನೆವ ತೆಗೆದು ಬರತೊಡಗಿದರು. ಒಂದು ಸಲ ಮಗಳನ್ನೂ ಕರೆತಂದರು. ಮಗಳ ಕಣ್ಣಿಗೆ ಏನೂ ಆಗಿರಲಿಲ್ಲ. ಮುಂದಿನ ವರ್ಷ ಮದುವೆಯಾಯಿತು.

ಇದನ್ನೆಲ್ಲ ಸಭೆಯಲ್ಲಿ ಹೇಳಲಾಗುತ್ತದೆಯೇ? ಅಳಿಯ ಎದ್ದು ನಿಂತು, "ಮಾವ ಒಳ್ಳೆಯವರು. ಎಲ್ಲರಿಗೂ ಬೇಕಾದವರು" ಎಂದ. ಎರಡು ಮಾತು ಅಲ್ಲಿಗೆ ಮುಗಿದಿದ್ದವು. ಕೂರಬೇಕೆನ್ನುವಾಗ ಮುಂದಿನ ಸಾಲಿನಲ್ಲಿದ್ದ ಅತ್ತೆ ಕಣ್ಣಿಗೆ ಬಿದ್ದರು. ತಿಂಗಳಿಂದ ಅವರು ಹೆಚ್ಚು ಮಾತಾಡಿರಲಿಲ್ಲ. ಈಗಲೂ ತಲೆ ತಗ್ಗಿಸಿ ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದರು. ಅವರಿಗಾಗಿ ಇನ್ನೇನಾದರೂ ಹೇಳಬೇಕು ಅನ್ನಿಸಿತು. ಯೋಚನೆಗಿಂತ ಮೊದಲು ಬಾಯಿ ಹೊರಟಿತು.

"ಅವರಿಗೆ ಇನ್ನೊಂದು ಸಲ ಮೇಲೆ ಹೋಗ್ಬೇಕು ಅಂತ ತುಂಬಾ ಆಸೆ ಇತ್ತು."

ಹಿಂದಿನ ಸಾಲಿನಿಂದ ಪಕ್ಕದ ಮನೆಯ ಟೀಚರ್ ತಮ್ಮ ಪಕ್ಕದವರನ್ನು ಕೇಳಿದ್ದು ಎಲ್ಲರಿಗೂ ಕೇಳಿಸಿತು.

"ಮೇಲೆ ಹೋದವರಿಗೆ ಮತ್ತೆ ಮೇಲೆ ಹೋಗೋ ಆಸೆನಾ?"

ಅಳಿಯನ ಕಿವಿ ಕೆಂಪಾಯಿತು. ಹಾಗಲ್ಲ, ವಿಮಾನದಲ್ಲಿ, ಇನ್ನೊಂದೇ ಒಂದು ಸಲ, ಕೊನೆಯ ದಿನಗಳಲ್ಲಿ ನನ್ನ ಹತ್ತಿರ ಹೇಳಿದ್ದರು ಎಂದು ತಡವರಿಸಿ ಕೂತುಬಿಟ್ಟ. ಕ್ಯಾಪ್ಟನ್ ಕೊನೆಯ ದಿನಗಳಲ್ಲಿ ಅವನ ಹತ್ತಿರ ಹೇಳಿದ್ದು ಆಸ್ಪತ್ರೆಯ ದಿಂಬು ಗಟ್ಟಿಯಾಗಿದೆ ಎಂದು. ಆದರೆ ಅತ್ತೆ ತಲೆಯೆತ್ತಿ ಅವನನ್ನೇ ನೋಡುತ್ತಿದ್ದರು. ಸುಳ್ಳಾದರೂ ಒಳ್ಳೆಯ ಸುಳ್ಳು, ಯಾರಿಗೂ ನಷ್ಟವಿಲ್ಲ ಎಂದುಕೊಂಡ.

ಸಂಘದ ಕಾರ್ಯದರ್ಶಿಯನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕಾರ್ಯದರ್ಶಿ ದಪ್ಪ ಮೈಯ, ದೊಡ್ಡ ದನಿಯ ಮನುಷ್ಯ. ಒಂದು ಕೆಲಸ ಕಣ್ಣಿಗೆ ಬಿತ್ತೆಂದರೆ ಚಪ್ಪಲಿಗೆ ಅಂಟಿದ ಚೂಯಿಂಗ್ ಗಮ್ಮಿನ ಹಾಗೆ ಹಿಡಿದು ಬಿಡುತ್ತಿರಲಿಲ್ಲ. ಪಾರ್ಕಿಗೆ ಕಾರಂಜಿ ಬೇಕೆಂದು ಯಾರೂ ಕೇಳಿರಲಿಲ್ಲ. ಅವರು ಹಾಕಿಸಿದರು, ಕೆಟ್ಟಾಗ ರಿಪೇರಿ ಮಾಡಿಸಿದರು, ಈಗ ಬೆಂಚಿನ ಮೇಲೆ ಕೂತವರ ಮೈಮೇಲೇ ಅದರ ನೀರು ಬೀಳುತ್ತದೆ. ಅವರು ಎದ್ದು ನಿಂತು ಗಂಟಲು ಸರಿಪಡಿಸಿಕೊಂಡರು. ದೊಡ್ಡವರ ಕೊನೆಯ ಆಸೆ ಹಾಗೇ ಉಳಿಯಬಾರದು, ಬಡಾವಣೆಗೆ ಅದು ಶೋಭೆಯಲ್ಲ, ಚಿತಾಭಸ್ಮವನ್ನಾದರೂ ವಿಮಾನದಲ್ಲಿ ತೆಗೆದುಕೊಂಡು ಹೋಗಿ ಮೇಲಿಂದ ಕೆರೆಗೆ ಬಿಡಬಹುದಲ್ಲ ಎಂದರು. ಆಮೇಲೆ ಮುಖ್ಯ ಅತಿಥಿಯ ಕಡೆಗೆ ತಿರುಗಿದರು.

ಮುಖ್ಯ ಅತಿಥಿ ಎಂದರೆ ಮರಿ ಸಾರ್. ವಾಯುಪಡೆಯಲ್ಲೂ ಆಮೇಲಿನ ಕೆಲಸದಲ್ಲೂ ಕ್ಯಾಪ್ಟನ್‌ರ ಪಕ್ಕದ ಸೀಟಿನಲ್ಲಿ ಕೂತವರು. ಹೊಸದಾಗಿ ಸೇರಿದಾಗ ಕ್ಯಾಪ್ಟನ್ 'ಮರಿ' ಎಂದು ಕರೆದದ್ದು, ಈಗ ತಲೆಯೆಲ್ಲ ಹತ್ತಿಯಾಗಿ ಮೊಮ್ಮಕ್ಕಳಾದ ಮೇಲೂ ಮರಿಯೇ. ಊರ ಹೊರಗಿನ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಈಗಲೂ ಹುಡುಗರಿಗೆ ಹಾರುವುದು ಕಲಿಸುತ್ತಿದ್ದರು. ಅವರು ಕಣ್ಣೊರೆಸಿಕೊಂಡು ಹೇಳಿದರು, ಆಕಾಶ ತಿಳಿಯಾಗಿದೆ, ವಿಮಾನ ನಾಳೆ ಸರ್ವೀಸಿಗೆ ಹೋಗುತ್ತದೆ, ಇವತ್ತೇ ಸಂಜೆ ಮುಗಿಸಿಬಿಡೋಣ. ಒಂದೇ ತೊಂದರೆ, ವಿಮಾನ ಚಿಕ್ಕದು. ನನ್ನನ್ನು ಬಿಟ್ಟರೆ ಇನ್ನೊಬ್ಬರಿಗೆ ಮಾತ್ರ ಜಾಗ.

ಆ ಇನ್ನೊಬ್ಬರು ಯಾರೆಂದು ಯಾರೂ ಕೇಳಲಿಲ್ಲ. ಕೋಣೆಯಲ್ಲಿದ್ದವರೆಲ್ಲ ಅಳಿಯನ ಕಡೆ ತಿರುಗಿದರು.

ಈಗ ಒಂದು ವಿಷಯ ಹೇಳಲೇಬೇಕು. ಕ್ಯಾಪ್ಟನ್‌ರ ಅಳಿಯ ಹುಟ್ಟಿದಾಗಿನಿಂದ ವಿಮಾನ ಹತ್ತಿದವನಲ್ಲ. ಏಣಿಯ ಮೇಲೆ ನಿಂತು ಬಲ್ಬು ಹಾಕುವಾಗಲೇ ಅವನ ಮೊಣಕಾಲು ತಂತಾನೇ ಕುಣಿಯುತ್ತಿತ್ತು. ಮದುವೆಯಾದ ಹೊಸತರಲ್ಲಿ ಮಾವ ಮನೆಯವರಿಗೆಲ್ಲ ಸಿಗುವ ಬಿಟ್ಟಿ ಟಿಕೆಟ್ಟು ತಂದುಕೊಟ್ಟಾಗ, ನನಗೆ ಕಿವಿಯೊಳಗೆ ತೊಂದರೆಯಿದೆ, ಮೇಲೆ ಹೋದರೆ ತಮಟೆ ಒಡೆಯುತ್ತದೆ ಎಂದಿದ್ದ. ಮಾವ ಟಿಕೆಟ್ಟನ್ನು ವಾಪಸು ಜೇಬಿಗೆ ಹಾಕಿಕೊಂಡರು. ಅಂದಿನಿಂದ ಆ ಮನೆಯವರ ಪ್ರವಾಸವೆಲ್ಲ ರೈಲಿನಲ್ಲಿ. ಜಗತ್ತನ್ನೇ ಸುತ್ತಿದ ಕ್ಯಾಪ್ಟನ್ ಮೇಲಿನ ಬರ್ತಿನಲ್ಲಿ ಕಾಲು ಮಡಿಚಿಕೊಂಡು ಮಲಗಿ, "ಈ ಡ್ರೈವರ್ ಏನಪ್ಪಾ, ಎಲ್ಲಿದೀವಿ, ಯಾವಾಗ ತಲುಪ್ತೀವಿ, ಒಂದು ಮಾತೂ ಹೇಳಲ್ಲ" ಎಂದು ಗೊಣಗುತ್ತಿದ್ದರು. ಕೊನೆಗೆ ಆ ಕೆಲಸವನ್ನೂ ತಾವೇ ವಹಿಸಿಕೊಂಡು, ಬೋಗಿಯವರಿಗೆಲ್ಲ ಕೇಳುವ ಹಾಗೆ ಮುಂದಿನ ಸ್ಟೇಷನ್ನು, ಹೊರಗಿನ ಬಿಸಿಲು, ಹೆಂಡತಿಯ ಸಿಟ್ಟಿನ ಮಟ್ಟ ಎಲ್ಲವನ್ನೂ ಗಂಭೀರ ದನಿಯಲ್ಲಿ ಪ್ರಕಟಿಸುತ್ತಿದ್ದರು.

ಮನೆಗೆ ಬರುವ ದಾರಿಯಲ್ಲಿ ಅಳಿಯ ಹೆಂಡತಿಗೆ ನಿಜ ಹೇಳಿಬಿಡಬೇಕೆಂದುಕೊಂಡ. ಅವಳು ಅವನ ತೋಳು ಹಿಡಿದು ಅಳುತ್ತಿದ್ದಳು. ಅಪ್ಪ ನನಗೂ ಹೇಳದ್ದನ್ನು ನಿಮಗೆ ಹೇಳಿದರಲ್ಲ ಎಂದಳು. ಅದರಲ್ಲಿ ಬೇಸರವಿರಲಿಲ್ಲ, ಹೆಮ್ಮೆಯಿತ್ತು. ಹೀಗೆ ಹೆಮ್ಮೆಪಡುವ ಸಂದರ್ಭವನ್ನು ಅವನು ಅವಳಿಗೆ ಪದೇ ಪದೇ ಕೊಟ್ಟವನಲ್ಲ. ಹಾಗಾಗಿ ನಿಜವನ್ನು ಮುಂದಕ್ಕೆ ಹಾಕಿದ. ನೀನೇ ಹೋಗು, ಮಗಳಲ್ಲವೇ ಎಂದು ಮಾತ್ರ ಕೇಳಿ ನೋಡಿದ.

"ಅಪ್ಪ ಹೇಳಿದ್ದು ನಿಮ್ಮತ್ರ. ನೀವೇ ಹೋಗ್ಬೇಕು" ಎಂದಳು. ಸ್ವಲ್ಪ ದೂರ ನಡೆದ ಮೇಲೆ ಕೇಳಿದಳು, "ನಿಮ್ಮ ಕಿವಿ?"

ಮುಳುಗುವವನಿಗೆ ಹಗ್ಗ ಸಿಕ್ಕಿದ ಹಾಗಾಯಿತು. ಹೌದಲ್ಲ, ಕಿವಿ ಎಂದು ಅವನು ನಿಂತ. ಆದರೆ ಪಕ್ಕದಲ್ಲೇ ಬರುತ್ತಿದ್ದ ಮರಿ ಸಾರ್ ಅವನ ಬೆನ್ನು ತಟ್ಟಿ, ನಾವು ಹಕ್ಕಿ ಹಾರುವಷ್ಟು ಎತ್ತರಕ್ಕೆ ಹೋಗುವುದು ಅಷ್ಟೇ, ಕಿವಿಗೆ ಗೊತ್ತೂ ಆಗುವುದಿಲ್ಲ ಎಂದರು. ತೂಕ ಒಂದನ್ನು ಕ್ಲಬ್ಬಿನಲ್ಲಿ ನೋಡುತ್ತಾರೆ, ಹೆಚ್ಚಾದರೆ ಮಾತ್ರ ಕಷ್ಟ ಎಂದೂ ಸೇರಿಸಿದರು.

ಈ ಕೊನೆಯ ಮಾತು ಅಳಿಯನ ಮನಸ್ಸಿನಲ್ಲಿ ಬೀಜದ ಹಾಗೆ ಬಿತ್ತು.

ಮಧ್ಯಾಹ್ನ ಅವನು ಊಟಕ್ಕೆ ಕೂತ ಬಗೆಯನ್ನು ಆ ಮನೆಯವರು ಮೊದಲು ಕಂಡಿರಲಿಲ್ಲ. ಬಡಿಸಿದ್ದಕ್ಕೆಲ್ಲ ತಲೆಯಾಡಿಸಿದ. ಸಾಕೆನ್ನಲಿಲ್ಲ. ನೀರಿನ ಜಗ್ಗನ್ನು ಪಕ್ಕದಲ್ಲೇ ಇಟ್ಟುಕೊಂಡು ಲೋಟದ ಮೇಲೆ ಲೋಟ ಇಳಿಸಿದ. ದುಃಖದಲ್ಲಿ ಕೆಲವರಿಗೆ ಹೀಗೇ ಆಗುತ್ತದೆ ಎಂದು ಟೀಚರ್ ಮೆಲ್ಲಗೆ ಅವನ ಹೆಂಡತಿಗೆ ಸಮಾಧಾನ ಹೇಳಿದರು.

ಟೀಚರ್ ಒಬ್ಬರೇ ಅಲ್ಲ, ಅರ್ಧ ಬಡಾವಣೆ ಆ ಹೊತ್ತಿಗೆ ಅಲ್ಲೇ ಇತ್ತು. ಒಬ್ಬರು ವಾಂತಿ ಮಾತ್ರೆ ತಂದರು, ಒಬ್ಬರು ಕಿವಿಗೆ ಹತ್ತಿ ತಂದರು. ಕೆಳಗೆ ನೋಡಲೇಬೇಡಿ ಎಂದು ಒಬ್ಬರೆಂದರೆ, ಕೆಳಗೇ ನೋಡುತ್ತಿರಿ, ಮೇಲೆ ನೋಡಿದರೆ ತಲೆ ಸುತ್ತುತ್ತದೆ ಎಂದು ಇನ್ನೊಬ್ಬರು. ಆ ಇಬ್ಬರಿಗೂ ಅದೇ ವಿಷಯಕ್ಕೆ ಜಗಳವಾಯಿತು. ಇವರಿಬ್ಬರಲ್ಲಿ ವಿಮಾನ ಹತ್ತಿದವರು ಯಾರು ಎಂದು ಮರಿ ಸಾರ್ ಕೇಳಿದ ಮೇಲೆ ಅದು ನಿಂತಿತು. ಹಾಗೇ ಮಾತು ಕ್ಯಾಪ್ಟನ್‌ರ ಕಡೆ ಹೊರಳಿತು.

ಟೀಚರ್ ತಮ್ಮ ಮೊದಲ ವಿಮಾನ ಪ್ರಯಾಣದ ಕತೆ ಹೇಳಿದರು. ಹತ್ತಿ ಕೂತದ್ದೇ ಮನೆಯಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಚಿಂತೆ ಹಿಡಿಯಿತಂತೆ. ಗಗನಸಖಿಯನ್ನು ಕರೆದು ಹೇಳಿಕೊಂಡೂ ಆಯಿತು, ಅಳುವುದೊಂದು ಬಾಕಿ. ಅಷ್ಟರಲ್ಲಿ ಸ್ಪೀಕರಿನಲ್ಲಿ ಕ್ಯಾಪ್ಟನ್‌ರ ದನಿ ಬಂತು. ಎತ್ತರ ಇಷ್ಟು, ವೇಗ ಇಷ್ಟು, ಹೊರಗಿನ ಚಳಿ ಇಷ್ಟು. ಆಮೇಲೆ ಅದೇ ಗಂಭೀರ ದನಿಯಲ್ಲಿ, "ಹಿಂದಿನ ಸಾಲಿನಲ್ಲಿ ನಮ್ಮ ಪಕ್ಕದ ಮನೆಯವರು ಕುಳಿತಿದ್ದಾರೆ. ಅವರ ಮನೆಯ ಗ್ಯಾಸ್ ಆರಿಸಿದೆ. ಬರುವ ಮುಂಚೆ ನಾನೇ ಕಿಟಕಿಯಿಂದ ನೋಡಿದ್ದೇನೆ." ವಿಮಾನದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರಂತೆ.

ಕಾರ್ಯದರ್ಶಿ ಇನ್ನೊಂದು ಹೇಳಿದರು. ಒಂದು ಸಲ ಸಂಘದಲ್ಲಿ ಯುದ್ಧದ ಅನುಭವ ಹೇಳಿ ಎಂದು ಕ್ಯಾಪ್ಟನ್‌ರನ್ನು ನಿಲ್ಲಿಸಿದ್ದರು. ಮಕ್ಕಳೆಲ್ಲ ಬಾಂಬಿಗಾಗಿ ಕಾದು ಕೂತಿದ್ದವು. ಕ್ಯಾಪ್ಟನ್ ಉದ್ದಕ್ಕೂ ಈರುಳ್ಳಿಯ ವಿಷಯ ಮಾತಾಡಿದರು. ಹಿಮದ ಬೆಟ್ಟಗಳ ತುದಿಯಲ್ಲಿ ಕಾವಲಿದ್ದ ಸೈನಿಕರಿಗೆ ಆಕಾಶದಿಂದ ದಿನಸಿ ಬೀಳಿಸುವುದು ಅವರ ಕೆಲಸ. ಒಂದು ಸಲ ಈರುಳ್ಳಿ ಮೂಟೆಯ ಪ್ಯಾರಾಚೂಟು ಬಿಚ್ಚದೆ, ಮೂಟೆ ಬಂಡೆಗೆ ಬಡಿದು ಒಡೆದು, ಪಾಪದ ಸೈನಿಕರು ದಿನಗಟ್ಟಲೆ ಹಿಮದಲ್ಲಿ ಈರುಳ್ಳಿ ಆರಿಸಿದರಂತೆ. ಆಮೇಲೆ ಅಲ್ಲಿಂದ ರೇಡಿಯೊದಲ್ಲಿ ಒಂದು ವಿನಂತಿ ಬಂತು, ದಯವಿಟ್ಟು ಮೊಟ್ಟೆಯನ್ನು ಬೇರೆಯವರ ಕೈಲಿ ಕಳಿಸಿ.

ಇಡೀ ಮನೆ ನಕ್ಕಿತು. ಊಟದ ತಟ್ಟೆಯ ಮುಂದೆ ಏದುಸಿರು ಬಿಡುತ್ತಿದ್ದ ಅಳಿಯ ತಲೆಯೆತ್ತಿ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ತಿಂಗಳಿಂದ ಯಾರೂ ಕಾಣದ ನಗು.

ಆದರೂ ಅವನು ಕೊನೆಯ ಪ್ರಯತ್ನ ಮಾಡಿದ. ಎಲ್ಲರೂ ಕಾರುಗಳ ಕಡೆ ಹೊರಟಾಗ ಅಡುಗೆಮನೆಗೆ ಹೋಗಿ, ಅತ್ತೆ, ನಿಮ್ಮ ಹತ್ತಿರ ಒಂದು ಮಾತು ಎಂದ. ಅತ್ತೆ ಕೈತೊಳೆದು, ಒರೆಸಿಕೊಂಡು, ಒಳಗಿನ ಕೋಣೆಗೆ ಹೋಗಿ ಕ್ಯಾಪ್ಟನ್‌ರ ಹಳೆಯ ಚರ್ಮದ ಜಾಕೆಟ್ಟು ತಂದರು. ಮೇಲೆ ಗಾಳಿ ಚಳಿಯಿರುತ್ತದೆ ಎಂದು ತಾವೇ ತೊಡಿಸಿದರು. ತೋಳು ಅವನ ಬೆರಳ ತುದಿಯನ್ನೂ ದಾಟಿ ತೂಗಾಡಿತು. ಜಾಕೆಟ್ಟನ್ನು ಅವನು ಹಾಕಿಕೊಂಡ ಹಾಗಿರಲಿಲ್ಲ, ಅದನ್ನು ಹ್ಯಾಂಗರಿಗೆ ತೂಗುಹಾಕಿದ ಹಾಗಿತ್ತು. ಅತ್ತೆ ಅದರ ಕಾಲರನ್ನು ಸರಿಮಾಡುತ್ತ ಒಂದು ಕ್ಷಣ ಕೈಯನ್ನು ಅಲ್ಲೇ ಇಟ್ಟರು. ಆಮೇಲೆ ಬಟ್ಟೆ ಸುತ್ತಿ ಕಟ್ಟಿದ ತಾಮ್ರದ ಡಬ್ಬಿಯನ್ನು ಅವನ ಕೈಗೆ ಕೊಟ್ಟರು. ಕ್ಯಾಪ್ಟನ್‌ರ ಬೂದಿಯ ಡಬ್ಬಿಯನ್ನು ಅವರು ಕೋಣೆಯ ಕಪಾಟಿನಲ್ಲಿ ಇಟ್ಟುಕೊಂಡಿದ್ದರು. ಏನು ಮಾಡುತ್ತೀರಿ ಎಂದು ಇಷ್ಟು ದಿನ ಕೇಳುವ ಧೈರ್ಯ ಯಾರಿಗೂ ಆಗಿರಲಿಲ್ಲ.

"ಏನೋ ಹೇಳ್ಬೇಕು ಅಂದ್ರಿ" ಎಂದರು ಅತ್ತೆ.

"ಏನಿಲ್ಲ, ಹೋಗಿ ಬರ್ತೀನಿ" ಎಂದ ಅಳಿಯ.

ಕ್ಲಬ್ಬಿನಲ್ಲಿ ತೂಕದ ಯಂತ್ರ ಕಂಡಾಗ ಅವನಿಗೆ ಮತ್ತೆ ಆಸೆ ಚಿಗುರಿತು. ಜಾಕೆಟ್ಟು, ಬೂಟು, ಡಬ್ಬಿ, ಮಧ್ಯಾಹ್ನದ ಊಟ ಎಲ್ಲದರ ಸಮೇತ ಹತ್ತಿ ನಿಂತ. ಹಿಂದೆ ಮರಿ ಸಾರ್ ಬಗ್ಗಿ ಮುಳ್ಳು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು. ಭೇಷ್, ಇಷ್ಟಿದ್ದರೆ ವಿಮಾನ ಒಂದು ಕಡೆಗೆ ವಾಲುವುದೇ ಇಲ್ಲ, ಇನ್ನೂ ಸ್ವಲ್ಪ ಇದ್ದರೂ ನಡೆಯುತ್ತಿತ್ತು ಎಂದರು. ಸುಮ್ಮನೆ ಕುತೂಹಲಕ್ಕೆಂದು ಕಾರ್ಯದರ್ಶಿ ಹತ್ತಿದರು. ಮುಳ್ಳು ಕೊನೆಯವರೆಗೆ ಹೋಗಿ ಅಲ್ಲೇ ಒದ್ದಾಡಿತು. ಅವರು ಸದ್ದಿಲ್ಲದೆ ಇಳಿದರು.

ಅಳಿಯ ವಿಮಾನದ ಮುಂದೆ ಬಂದು ನಿಂತ. ಅವನ ಅಂಗಡಿಯ ಕನ್ನಡಕದ ಕಪಾಟು ಅದಕ್ಕಿಂತ ಗಟ್ಟಿಯಾಗಿತ್ತು. ಬಾಗಿಲು ಮುಚ್ಚಿದ್ದು ತಗಡಿನ ಡಬ್ಬಿಯ ಮುಚ್ಚಳದ ಸದ್ದಿನಲ್ಲಿ. ಕಂಬಿಯಾಚೆ ನಿಂತ ಬಡಾವಣೆಯ ಜನ ಕೈಬೀಸಿದರು. ಎಂಜಿನ್ ಕೆಮ್ಮಿ, ಸುಧಾರಿಸಿಕೊಂಡು, ಗುಡುಗಿತು. ಅಳಿಯ ಡಬ್ಬಿಯನ್ನು ಎದೆಗೆ ಅಪ್ಪಿಕೊಂಡು ಕಣ್ಣು ಮುಚ್ಚಿದ. ನೆಲ ಕುಲುಕಿತು, ಕುಲುಕಿತು, ಆಮೇಲೆ ಕುಲುಕುವುದು ನಿಂತಿತು. ನಿಂತದ್ದು ಏಕೆಂದು ಹೊಳೆದಾಗ ಅವನ ಹೊಟ್ಟೆಯಲ್ಲಿದ್ದ ಊಟವೆಲ್ಲ ಒಟ್ಟಿಗೆ ಎದ್ದು ನಿಂತಿತು.

"ಉಸಿರಾಡಿ" ಎಂದರು ಮರಿ ಸಾರ್. "ನನಗೂ ಮೊದಮೊದಲು ಹೀಗೇ ಆಗ್ತಿತ್ತು."

ಮರಿ ಸಾರ್ ತಾವೇ ಮಾತಾಡುತ್ತ ಹೋದರು. ಒಂದು ಚಳಿಗಾಲ ಬೆಟ್ಟದ ತುದಿಯ ಒಂದು ಠಾಣೆಗೆ ವಾರಗಟ್ಟಲೆ ದಾರಿ ಮುಚ್ಚಿತ್ತು. ಕಾಯಿಲೆ ಬಿದ್ದವರಿಗೆ ಔಷಧಿ ಮುಗಿದಿತ್ತು. ಹೋದ ವಿಮಾನಗಳು ಮೋಡ ಕಂಡು ವಾಪಸಾಗಿದ್ದವು. ಕ್ಯಾಪ್ಟನ್ ಹೋದರು, ಪಕ್ಕದಲ್ಲಿ ಮರಿ. ಕಣಿವೆ ಎಷ್ಟು ಕಿರಿದೆಂದರೆ ರೆಕ್ಕೆಯ ತುದಿ ಎರಡೂ ಕಡೆ ಬೆಟ್ಟವನ್ನು ಮಾತಾಡಿಸುವ ಹಾಗಿತ್ತು. ಒಂದು ಸಲ ಸುತ್ತಿದರು, ಠಾಣೆ ಕಾಣಲಿಲ್ಲ. ಮತ್ತೆ ಸುತ್ತಿದರು. ಮೋಡ ಒಂದಿಷ್ಟು ಹರಿದಾಗ ಕೆಳಗೆ ಇರುವೆಗಳ ಹಾಗೆ ನಾಲ್ಕಾರು ಜನ ಕೈಬೀಸುತ್ತಿದ್ದರು. ಕ್ಯಾಪ್ಟನ್ "ತಗೊಳ್ರಪ್ಪಾ" ಎಂದು ಔಷಧಿ ಬಿಟ್ಟರು. ಅವರು ಯಾವಾಗಲೂ ಹಾಗೇ, ಕೆಳಗಿನವರಿಗೆ ಕೇಳುವುದಿಲ್ಲವೆಂದು ಗೊತ್ತಿದ್ದೂ ಹೇಳಿಯೇ ಬಿಡುತ್ತಿದ್ದರು.

"ವಾಪಸ್ ಬಂದು ಇಳಿದ ಮೇಲೆ ಟೀ ಕೊಟ್ರು. ಕ್ಯಾಪ್ಟನ್ ಕೈ ಎಷ್ಟು ನಡುಗ್ತಿತ್ತು ಅಂದ್ರೆ ಕಪ್ ನಾನು ಹಿಡ್ಕೊಂಡೆ. ಹೆದರಿಕೆ ಆಯ್ತಾ ಸರ್ ಅಂದೆ. ಆಗದೆ ಇರುತ್ತಾ ಮರಿ, ಹೆದರಿಕೇನೇ ಇಲ್ಲ ಅನ್ನೋನ ಪಕ್ಕ ಯಾವತ್ತೂ ಕೂರಬೇಡ, ಅವನು ಬೆಟ್ಟಕ್ಕೆ ಗುದ್ದಿಸ್ತಾನೆ ಅಂದ್ರು."

ಅಳಿಯ ಒಂದು ಕಣ್ಣು ತೆರೆದ. ಆಮೇಲೆ ಇನ್ನೊಂದು.

ಸಂಜೆಯ ಬಿಸಿಲಿನಲ್ಲಿ ಊರು ಕೆಳಗೆ ಹರಡಿಕೊಂಡಿತ್ತು. ಯಾರೋ ಬಹಳ ತಾಳ್ಮೆಯಿಂದ ಒಂದೊಂದನ್ನೇ ಜೋಡಿಸಿ ಇಟ್ಟ ಹಾಗೆ. ಪೇಟೆಯ ಉದ್ದನೆಯ ಬೀದಿ, ಅದರ ತಿರುವಿನಲ್ಲಿ ತನ್ನ ಅಂಗಡಿಯ ಹಸಿರು ಬೋರ್ಡು ಒಂದು ಚುಕ್ಕೆಯಾಗಿ ಕಂಡಿತು. ರೈಲ್ವೆ ಹಳಿ ತಲೆಗೂದಲಿನ ಹಾಗೆ ತೆಳ್ಳಗೆ ಹೊಳೆಯುತ್ತಿತ್ತು. ಈ ನೋಟವನ್ನು ದಿನವೂ ನೋಡುತ್ತಿದ್ದ ಮನುಷ್ಯ ಅದನ್ನು ಬಿಟ್ಟು, ಆ ಕೂದಲೆಳೆಯ ಮೇಲೆ ತನ್ನ ಜೊತೆ ಕಾಲು ಮಡಿಚಿ ಮಲಗಿಕೊಂಡು ಬಂದಿದ್ದರು. ಅಳಿಯನಿಗೆ ಹೆದರಿಕೆ ಹೋಗಲಿಲ್ಲ, ಆದರೆ ಅದರ ಪಕ್ಕದಲ್ಲಿ ಇನ್ನೇನೋ ಬಂದು ಕೂತಿತು. ಕಣ್ಣು ತುಂಬಿತು.

ಕೆರೆ ಬಂತು. ಮರಿ ಸಾರ್ ಪಕ್ಕದ ಪುಟ್ಟ ಕಿಟಕಿ ತೆಗೆದು, ಕೈ ಚೆನ್ನಾಗಿ ಹೊರಗೆ ಹಾಕಿ, ಹಿಂದಕ್ಕೆ ಬಗ್ಗಿಸಿ, ಆಮೇಲೆ ಮುಚ್ಚಳ ತೆಗೆಯಿರಿ ಎಂದರು. ಕೈ ಹೊರಗೆ ಹಾಕಬೇಕೆಂಬ ಮಾತು ಕೇಳಿ ಅಳಿಯ ಮತ್ತೆ ಕಣ್ಣು ಮುಚ್ಚಿಕೊಂಡ. ಕ್ರಮ ತಪ್ಪಿತು. ಮೊದಲು ಮುಚ್ಚಳ ತೆಗೆದ, ಆಮೇಲೆ ಕೈ ಹೊರಗೆ ಹಾಕಿದ, "ಹೋಗಿ ಬನ್ನಿ ಮಾವ" ಎಂದು ಬಾಯಿ ತೆರೆದ. ಮುಕ್ಕಾಲು ಪಾಲು ಕೆರೆಯ ಕಡೆ ಹೋಯಿತು. ಉಳಿದದ್ದನ್ನು ಗಾಳಿ ತಿರುಗಿಸಿ ಅವನ ಮುಖಕ್ಕೆ, ಕಾಲರಿಗೆ, ತೆರೆದ ಬಾಯಿಗೆ ತುಂಬಿತು.

ಅಳಿಯ ಕಲ್ಲಾದ. ಉಗುಳುವುದು ಹೇಗೆ? ಹೆಣ್ಣು ಕೊಟ್ಟ ಮಾವ. ಕಣ್ಣೀರು ಸುರಿಸುತ್ತ, ಎರಡು ಸಲ ಪ್ರಯತ್ನಪಟ್ಟು, ನುಂಗಿದ. ಹಸಿ ಮಣ್ಣಿನ ರುಚಿಯಿತ್ತು. ಎಷ್ಟು ಎತ್ತರ ಹಾರಿದರೂ ಮನುಷ್ಯ ಕೊನೆಗೆ ಮಣ್ಣೇ ಎಂದು ಅವನಿಗೆ ಆ ಎತ್ತರದಲ್ಲಿ ಮನವರಿಕೆಯಾಯಿತು.

ಇಳಿದಾಗ ಕಂಬಿಯಾಚೆಯಿಂದ ಚಪ್ಪಾಳೆ ಕೇಳಿಸಿತು. ಕಾರ್ಯದರ್ಶಿ ಅವನನ್ನು ಅಪ್ಪಿಕೊಂಡರು. ಅವನ ಹೊಟ್ಟೆಗೆ ಅದು ಬೇಡವಾಗಿತ್ತು. ಅವನು ವಿಮಾನ ನಿಲ್ಲಿಸುವ ಶೆಡ್ಡಿನ ಹಿಂದಕ್ಕೆ ಹೋಗಿ ಸ್ವಲ್ಪ ಹೊತ್ತು ಇದ್ದು ಬಂದ. ದುಃಖ ಉಮ್ಮಳಿಸಿದೆ, ಒಬ್ಬನೇ ಇರಲಿ ಬಿಡಿ ಎಂದು ಟೀಚರ್ ಎಲ್ಲರನ್ನೂ ತಡೆದರು.

ಮನೆಗೆ ಬಂದಾಗ ಅತ್ತೆ ಒಬ್ಬರೇ ಅಂಗಳದ ಮೆಟ್ಟಿಲ ಮೇಲೆ ಕೂತಿದ್ದರು. ಅವರು ಕ್ಲಬ್ಬಿಗೆ ಬಂದಿರಲಿಲ್ಲ. ಇಲ್ಲಿಂದಲೇ ನೋಡುತ್ತೇನೆ ಎಂದಿದ್ದರು. ಹೆಂಡತಿ ಒಳಗೆ ಹೋದಳು. ಅಳಿಯ ಮೆಟ್ಟಿಲ ಮೇಲೆ ಕೂತ. ಅಷ್ಟು ಎತ್ತರಕ್ಕೆ ಹೋಗಿ ಬಂದವನಿಗೆ ಇನ್ನು ನಿಜ ಹೇಳುವುದು ದೊಡ್ಡದಲ್ಲ ಅನ್ನಿಸಿತು.

"ಅತ್ತೆ, ಮಾವ ಹಾಗೆ ಹೇಳಿರಲಿಲ್ಲ. ಮೇಲೆ ಹೋಗ್ಬೇಕು ಅಂತ. ನಾನೇ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ತಪ್ಪಾಯ್ತು."

"ಗೊತ್ತು" ಎಂದರು ಅತ್ತೆ.

ಅವನು ತಿರುಗಿ ನೋಡಿದ.

"ಆಸ್ಪತ್ರೇಲಿ ನನಗೆ ಹೇಳಿದ್ರಲ್ಲ. ಜೀವಮಾನ ಇಡೀ ಬೇರೆಯವರ ಮನೆ ಮೇಲೆ ಹಾರಿದ್ದಾಯ್ತು, ಇನ್ನು ನನ್ನನ್ನ ನಮ್ಮನೇಲೇ ಇಟ್ಕೋ, ಮತ್ತೆ ಮೇಲೆ ಕಳಿಸಬೇಡ ಅಂತ." ಅತ್ತೆ ಅಂಗಳದ ಮೂಲೆಯ ಗುಲಾಬಿ ಗಿಡಗಳ ಕಡೆ ಕೈ ತೋರಿಸಿದರು. "ಬೂದಿ ಮನೆಗೆ ಬಂದ ಮಾರನೇ ಬೆಳಿಗ್ಗೆನೇ ಆ ಕೆಲಸ ಮುಗಿಸಿದೆ. ನೀವೆಲ್ಲ ಇನ್ನೂ ಎದ್ದಿರಲಿಲ್ಲ."

ಹಾಗಾದರೆ ಡಬ್ಬಿಯಲ್ಲಿದ್ದದ್ದು ಏನು ಎಂದು ಅಳಿಯ ಕೇಳಿದ.

"ಟೊಮೆಟೊ ಪಾತಿ ಮಣ್ಣು" ಎಂದರು ಅತ್ತೆ. "ನೀವು ಊಟಕ್ಕೆ ಕೂತಾಗ ತುಂಬಿಸ್ದೆ. ಒಳ್ಳೆ ಮಣ್ಣು. ಮೊನ್ನೆ ತಾನೆ ಗೊಬ್ಬರ ಹಾಕಿದ್ದೆ."

ಅಳಿಯ ತುಟಿಗಳನ್ನು ಬಿಗಿಯಾಗಿ ಒತ್ತಿಕೊಂಡು ಆಕಾಶ ನೋಡಿದ.

ಬೆಳಿಗ್ಗೆ ಸಭೆಯಲ್ಲೇ ಹೇಳಿಬಿಡಬೇಕೆಂದಿದ್ದೆ ಎಂದರು ಅತ್ತೆ. ಆದರೆ ತಿಂಗಳಿಂದ ನೀವೆಲ್ಲ ಮನೆಯಲ್ಲಿ ಪಿಸುಗುಡುತ್ತ ತಿರುಗುತ್ತಿದ್ದಿರಿ. ನನಗೆ ನೋವಾಗುತ್ತದೆಂದು ಯಾರೂ ಅವರ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಇವತ್ತು ನೀವು ಆ ಮಾತಾಡಿದ್ದೇ ಊರೆಲ್ಲ ಅವರ ಮಾತಾಡಿತು, ಮನೆ ತುಂಬ ಅವರೇ ಓಡಾಡಿದರು, ಅದನ್ನು ಹೇಗೆ ನಿಲ್ಲಿಸಲಿ ಎಂದರು. ಸೆರಗಿನಿಂದ ಮೂಗು ಒರೆಸಿಕೊಂಡರು.

"ಮತ್ತೆ ಅವರಿಗೆ ಒಂದು ಕೊನೇ ಆಸೆ ಇದ್ದದ್ದೂ ನಿಜ. ಅಳಿಯನ ಕಿವಿ ಸರಿಯಾಗೇ ಇದೆ, ಹೆದರ್ಕೊಂಡಿದಾನೆ ಪಾ‍ಪ, ನಾನು ಒತ್ತಾಯ ಮಾಡಿದ್ರೆ ಹುಡುಗನಿಗೆ ಅವಮಾನ ಆಗುತ್ತೆ ಅಂತ ಸುಮ್ಮನಿದ್ದೆ. ಏನಾದ್ರೂ ಮಾಡಿ ಒಂದೇ ಒಂದು ಸಲ ಅವನನ್ನ ಮೇಲೆ ಕಳಿಸು, ನಾನು ನೋಡಿದ್ದನ್ನ ಅವನೂ ನೋಡ್ಲಿ ಅಂದಿದ್ರು. ಹೇಗಪ್ಪಾ ಕಳಿಸೋದು ಅಂತ ನಾನು ತಿಂಗಳಿಂದ ಯೋಚನೆ ಮಾಡ್ತಿದ್ದೆ."

ಅಳಿಯ ಮಾವನ ಜಾಕೆಟ್ಟಿನ ಉದ್ದ ತೋಳಿನಿಂದಲೇ ಕಣ್ಣೊರೆಸಿಕೊಂಡ.

"ಹೇಗಿತ್ತು?" ಎಂದು ಅತ್ತೆ ಕೇಳಿದರು. ಕೇಳಿದ ರೀತಿಯಲ್ಲಿ, ಗಂಡ ಕೆಲಸದಿಂದ ಬಂದ ಸಂಜೆಗಳಲ್ಲಿ ಕೇಳುತ್ತಿದ್ದ ಸಲಿಗೆಯಿತ್ತು. ಕಣ್ಣು ಮುಚ್ಚಿಕೊಂಡದ್ದು, ಬಾಯಿಗೆ ಮಣ್ಣು ಬಿದ್ದದ್ದು, ಶೆಡ್ಡಿನ ಹಿಂದೆ ಆದದ್ದು ಯಾವುದನ್ನೂ ಆ ಮುಖಕ್ಕೆ ಹೇಳುವುದು ಸಾಧ್ಯವಿರಲಿಲ್ಲ.

"ಚೆನ್ನಾಗಿತ್ತು ಅತ್ತೆ" ಎಂದ. "ತುಂಬಾ ಚೆನ್ನಾಗಿತ್ತು."

ಅತ್ತೆಯ ಮುಖ ಅರಳಿತು. ಅವರು ಒಳಗೆ ತಿರುಗಿ ಮಗಳನ್ನು ಕೂಗಿ, ನಾನು ಹೇಳಲಿಲ್ಲವಾ, ಅವರಿಗೆ ಹಿಡಿಸಿದೆ ಎಂದರು. ಆಮೇಲೆ ಅಳಿಯನಿಗೆ ವಿಷಯ ತಿಳಿಸಿದರು. ಸಮುದ್ರದಾಚೆಯ ದೇಶದಲ್ಲಿ ಅತ್ತೆಯ ಅಕ್ಕ ಇದ್ದಾರೆ. ನೋಡಿ ಎಷ್ಟೋ ವರ್ಷವಾಯಿತು. ಇನ್ನು ಜೊತೆಗೆ ಯಾರಿದ್ದಾರೆ ಎಂದು ಆಸೆ ಬಿಟ್ಟಿದ್ದರು. ಇವನು ಮೇಲೆ ಹಾರುತ್ತಿರುವುದನ್ನು ಅಂಗಳದಲ್ಲಿ ನಿಂತು ನೋಡಿದಾಗ ಮತ್ತೆ ಧೈರ್ಯ ಬಂತಂತೆ, ಆಗಲೇ ಮಗಳಿಗೆ ಫೋನು ಮಾಡಿದರಂತೆ.

ಹೆಂಡತಿ ಮೊಬೈಲು ಹಿಡಿದುಕೊಂಡು ಬಾಗಿಲಿಗೆ ಬಂದಳು. "ಟಿಕೆಟ್ ಆಯ್ತಮ್ಮಾ, ನಿಂಗೂ ಅವರಿಗೂ. ಹೋಗ್ತಾ ಎರಡು ವಿಮಾನ ಬದಲಾಯಿಸ್ಬೇಕು ರೀ, ಬರ್ತಾ ಮೂರು."

"ಕಿಟಕಿ ಪಕ್ಕದ ಸೀಟು ನಿಮಗೇ ಹೇಳಿದೀನಿ" ಎಂದರು ಅತ್ತೆ.

ಅಳಿಯ ಏನೋ ಹೇಳಲು ಬಾಯಿ ತೆರೆದ. ಅತ್ತೆ ನಗುತ್ತಿದ್ದರು. ಅವನು ಬಾಯಿ ಮುಚ್ಚಿಕೊಂಡು, ಬೂಟು ಕಳಚಿ, ಎರಡೂ ಪಾದಗಳನ್ನು ಅಂಗಳದ ನೆಲದ ಮೇಲೆ ಗಟ್ಟಿಯಾಗಿ ಊರಿ ಕೂತ.